1866ರ ತರುಣಿ: ಮಾನೆಯ ಒಂದು ಚಿತ್ರಪಟವೂ ಅದರ ರೂಪದರ್ಶಿಯ ಚರಿತ್ರೆಯೂ

ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯದಲ್ಲಿ ಫ್ರೆಂಚ್ ಚಿತ್ರಕಾರನಾದ ಎದ್ವಾರ್ ಮಾನೆಯ (1832–1883) ಆಳೆತ್ತರದ ತೈಲಚಿತ್ರವೊಂದಿದೆ. ಅದರ ಎತ್ತರ ಸುಮಾರು 185 ಸೆಂಟಿಮೀಟರು, ಅಗಲ ಸುಮಾರು 129 ಸೆಂಟಿಮೀಟರು. ಏನೂ ಇಲ್ಲದ ಮಂಕು ಹಿನ್ನೆಲೆಯ ಮುಂದೆ ತರುಣಿಯೊಬ್ಬಳು ನಿಂತಿದ್ದಾಳೆ. ಕೊರಳಿನಿಂದ ನೆಲದವರೆಗೂ ಇಳಿದಿರುವ ತೆಳುಗುಲಾಬಿ ಬಣ್ಣದ ರೇಷ್ಮೆಯ ಸಡಿಲ ನಿಲುವಂಗಿ ಆಕೆಯ ಉಡುಪು. ಅದು ಮನೆಯೊಳಗೆ ತೊಡುವಂಥದು, ಹೊರಗೆ ಹೋಗುವಾಗ ತೊಡುವಂಥದಲ್ಲ. ಕೊರಳಿಗೆ ಕಪ್ಪು ಪಟ್ಟಿ. ಒಂದು ಕೈಯಲ್ಲಿ ವಯೊಲೆಟ್ ಹೂಗಳ ಸಣ್ಣ ಗುಚ್ಛವನ್ನು ಹಿಡಿದು ಮೂಗಿನ ಬಳಿಗೆ ತಂದಿದ್ದಾಳೆ. ಇನ್ನೊಂದು ಕೈಯ ಬೆರಳುಗಳು ಗಂಡಸರು ಧರಿಸುವ ಒಂಟಿಗಾಜಿನ ಕನ್ನಡಕವೊಂದನ್ನು ಆಡಿಸುತ್ತಿವೆ. ಪಕ್ಕದ ಕಂಬದ ಮೇಲೆ ಬೂದು ಬಣ್ಣದ ಆಫ್ರಿಕದ ಗಿಣಿ, ಕಂಬದ ಬುಡದಲ್ಲಿ ಅರೆಬರೆ ಸುಲಿದ ಕಿತ್ತಿಳೆಹಣ್ಣು. ತರುಣಿಯ ಮುಖದಲ್ಲಿ ನಗೆಯಿಲ್ಲ, ದುಃಖವೂ ಇಲ್ಲ. ಆಕೆ ನಮ್ಮನ್ನು ನೋಡುತ್ತಾಳೆ, ಅಷ್ಟೇ.

ಮಾನೆ ಈ ಪಟವನ್ನು 1867ರಲ್ಲಿ ಪ್ಯಾರಿಸ್ಸಿನ ಆಲ್ಮಾ ಸೇತುವೆಯ ಬಳಿ ತನ್ನ ಸ್ವಂತ ಖರ್ಚಿನಿಂದ ಏರ್ಪಡಿಸಿದ್ದ ಪ್ರದರ್ಶನದಲ್ಲಿ ‘1866ರ ತರುಣಿ’ ಎಂಬ ಹೆಸರಿನಲ್ಲಿ ಇರಿಸಿದನು. ಮರುವರ್ಷ ಅದು ಸಲೋಂ ಎಂಬ ವಾರ್ಷಿಕ ಕಲಾಪ್ರದರ್ಶನದಲ್ಲಿಯೂ ಸ್ಥಾನ ಪಡೆಯಿತು. ಜನರ ಬಾಯಲ್ಲಿ ಮಾತ್ರ ಅದು ‘ಗಿಣಿಯೊಡನೆ ಇರುವ ಹೆಂಗಸು’ ಎಂದೇ ಉಳಿಯಿತು. ಹೀಗೆ ಚಿತ್ರದಲ್ಲಿ ವರ್ಷಕ್ಕೆ ಹೆಸರುಂಟು, ಗಿಣಿಗೂ ಹೆಸರುಂಟು, ನಿಂತಿರುವವಳಿಗಿಲ್ಲ. ಆಕೆ ಯಾರೆಂಬುದು ಅಂದಿನ ಪ್ಯಾರಿಸ್ಸಿನ ಕಲಾವಲಯದಲ್ಲಿ ಗುಟ್ಟಾಗಿರಲಿಲ್ಲ. ಆಕೆಯ ಹೆಸರು ವಿಕ್ಟೊರಿನ್ ಮೊರಾಂ. ಮಾನೆಯ ಜೀವನಚರಿತ್ರೆಯನ್ನು ಬರೆದವರು ಬಹುಕಾಲ ಈಕೆಯ ವಿಷಯವಾಗಿ ಹೇಳುತ್ತ ಬಂದ ಸಂಗತಿಗಳಿಗೂ ದಾಖಲೆಗಳಿಂದ ವಿದಿತವಾಗುವ ಸಂಗತಿಗಳಿಗೂ ಇರುವ ಅಂತರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಭಾವಚಿತ್ರವೊಂದನ್ನು ಚರಿತ್ರೆಯ ಆಧಾರವೆಂದು ಎಷ್ಟರ ಮಟ್ಟಿಗೆ ಎಣಿಸಬಹುದೆಂಬ ಪ್ರಶ್ನೆಯೂ ಇದರೊಡನೆಯೇ ಬರುತ್ತದೆ.

ಮೊದಲು ಚಿತ್ರದ ಅರ್ಥವನ್ನು ಕುರಿತು ಒಂದೆರಡು ಮಾತು. ಹೂವು ಘ್ರಾಣವನ್ನೂ, ಹಣ್ಣು ರುಚಿಯನ್ನೂ, ಮಾತನಾಡುವ ಗಿಣಿ ಶ್ರವಣವನ್ನೂ, ಬೆರಳುಗಳ ನಡುವಿನ ಕನ್ನಡಕ ದೃಷ್ಟಿಸ್ಪರ್ಶಗಳೆರಡನ್ನೂ ಸೂಚಿಸುವುದರಿಂದ ಇದು ಪಂಚೇಂದ್ರಿಯಗಳ ರೂಪಕವೆಂದು ಕೆಲವರು ವಿದ್ವಾಂಸರ ಅಭಿಪ್ರಾಯ. ಇದು ಒಪ್ಪತಕ್ಕ ಮಾತೇ. ಹಳೆಯ ಡಚ್ ಚಿತ್ರಗಳನ್ನು ಬಲ್ಲ ಮಾನೆಗೆ ಇಂಥ ಸಂಕೇತಗಳು ಅಪರಿಚಿತವಾಗಿರಲಿಲ್ಲ. ವಯೊಲೆಟ್ ಹೂವು ಬೊನಪಾರ್ಟ್ ವಂಶದ ಪಕ್ಷಪಾತಿಗಳ ಲಾಂಛನವೂ ಆಗಿದ್ದಿತೆಂಬುದನ್ನು ಹಿಡಿದು ಇದರಲ್ಲಿ ರಾಜಕೀಯವನ್ನು ಹುಡುಕಲೂ ಬಹುದು. ಆದರೆ ಗಣರಾಜ್ಯವಾದಿಯಾಗಿದ್ದ ಮಾನೆ ತನ್ನ ಚಿತ್ರದೊಳಗೆ ಆ ಲಾಂಛನವನ್ನು ಭಕ್ತಿಯಿಂದ ಇಟ್ಟನೆಂದು ನಂಬುವುದು ನಮಗೆ ಕಷ್ಟ. ಇನ್ನೂ ಸಮೀಪದ ಪ್ರೇರಣೆಯೊಂದುಂಟು. 1866ರ ಸಲೋಂನಲ್ಲಿ ಗುಸ್ತಾವ್ ಕೂರ್ಬೆ ಗಿಣಿಯೊಡನೆ ಆಡುತ್ತ ಮಲಗಿರುವ ವಿವಸ್ತ್ರ ಸ್ತ್ರೀಯೊಬ್ಬಳ ಚಿತ್ರವನ್ನು ಪ್ರದರ್ಶಿಸಿದ್ದನು. ಮಾನೆಯ ಚಿತ್ರ ಅದಕ್ಕೆ ಕೊಟ್ಟ ಉತ್ತರದಂತಿದೆ: ಗಿಣಿ ಉಳಿದಿದೆ, ಮಲಗಿದ್ದವಳು ಎದ್ದುನಿಂತಿದ್ದಾಳೆ, ಕೊರಳಿನವರೆಗೂ ಬಟ್ಟೆ ಬಂದಿದೆ. ಈ ಎರಡು ಚಿತ್ರಗಳೂ ಇಂದು ಒಂದೇ ಸಂಗ್ರಹಾಲಯದಲ್ಲಿರುವುದು ಅಧ್ಯಯನಕ್ಕೆ ಅನುಕೂಲವಾದ ಆಕಸ್ಮಿಕ.

1868ರಲ್ಲಿ ವಿಮರ್ಶಕ ಥೋರೆ, ಮಾನೆಯ ಕಣ್ಣಿಗೆ ತಲೆಯೂ ಪಾದರಕ್ಷೆಯೂ ಒಂದೇ ಬೆಲೆಯವು, ಕೆಲವೊಮ್ಮೆ ಹೆಣ್ಣಿನ ಮುಖಕ್ಕಿಂತ ಹೂಗುಚ್ಛಕ್ಕೇ ಆತನು ಹೆಚ್ಚಿನ ಗಮನ ಕೊಡುತ್ತಾನೆ ಎಂಬರ್ಥದ ಆಕ್ಷೇಪಣೆ ಮಾಡಿದನು. ಆಕ್ಷೇಪಣೆಯಾಗಿ ಹೇಳಿದ ಈ ಮಾತು ಮುಂದೆ ಹೊಸ ಚಿತ್ರಕಲೆಯ ಲಕ್ಷಣವೇ ಆಗಿ ಪರಿಣಮಿಸಿತು. ಮಾನೆ 1874ರಿಂದ 1886ರವರೆಗೆ ನಡೆದ ಇಂಪ್ರೆಷನಿಸ್ಟ್ ಚಿತ್ರಕಾರರ ಎಂಟು ಪ್ರದರ್ಶನಗಳಲ್ಲಿ ಒಂದರಲ್ಲಿಯೂ ಭಾಗವಹಿಸಲಿಲ್ಲ. ಆದರೂ ಮೊನೆ, ರೆನ್ವಾರ್ ಮೊದಲಾದ ಕಿರಿಯರು ಅವನನ್ನೇ ಹಿರಿಯನೆಂದು ಎಣಿಸಿದರು. ಈ ಚಿತ್ರವನ್ನು ಆ ಪಂಥದ ಬಾಗಿಲಲ್ಲಿ ನಿಂತಿರುವ ಕೃತಿಯೆಂದು ಹೇಳಿದರೆ ಸಾಕು. ನಮ್ಮ ವಿಷಯ ಪಂಥವಲ್ಲ, ಆ ಹೆಣ್ಣು.

ವಿಕ್ಟೊರಿನ್-ಲೂಯಿಸ್ ಮೊರಾಂ 1844ನೆಯ ಫೆಬ್ರವರಿ 18ರಂದು ಪ್ಯಾರಿಸ್ಸಿನ ಕುಶಲಕರ್ಮಿಗಳ ಮನೆಯೊಂದರಲ್ಲಿ ಜನಿಸಿದಳು. ತಂದೆಯದು ಕಂಚಿನ ಕೆಲಸಗಳಿಗೆ ಬಣ್ಣದ ಮೆರುಗು ಕೊಡುವ ಕಸಬು. ತಾಯಿ ಹೆಂಗಸರ ಟೋಪಿಗಳನ್ನು ತಯಾರಿಸುತ್ತಿದ್ದಳು. ಹದಿನಾರು ಹದಿನೇಳರ ಪ್ರಾಯದಲ್ಲಿ ವಿಕ್ಟೊರಿನ್ ತೊಮಾ ಕೂತ್ಯೂರನ ಚಿತ್ರಶಾಲೆಯಲ್ಲಿ ರೂಪದರ್ಶಿಯಾಗಿ ದುಡಿಯಲಾರಂಭಿಸಿದಳು. ಮಾನೆ ಹಿಂದೆ ಅದೇ ಕೂತ್ಯೂರನ ಶಿಷ್ಯನಾಗಿದ್ದವನು. ಇವರಿಬ್ಬರ ಭೇಟಿಯ ವಿಷಯದಲ್ಲಿ ಥಿಯೊಡೋರ್ ದ್ಯುರೆ ಹೇಳುವ ಕಥೆ ಬೇರೆ: ನ್ಯಾಯಾಲಯದ ಕಟ್ಟಡದ ಜನಸಂದಣಿಯಲ್ಲಿ ಮಾನೆ ಈಕೆಯನ್ನು ಆಕಸ್ಮಿಕವಾಗಿ ಕಂಡು ರೂಪಕ್ಕೆ ಬೆರಗಾದನಂತೆ. ಕಥೆ ಸೊಗಸಾಗಿದೆ. ಆದರೆ ಮಾನೆಯ ಟಿಪ್ಪಣಿ ಪುಸ್ತಕದಲ್ಲಿ ಈಕೆಯ ಹೆಸರೂ ಮೆತ್ರ್-ಆಲ್ಬೇರ್ ಬೀದಿಯ ವಿಳಾಸವೂ ಬರೆದಿವೆ. ದುಡಿಯುವ ರೂಪದರ್ಶಿಯೊಬ್ಬಳ ವಿಳಾಸವನ್ನು ಗುರುತು ಹಾಕಿಕೊಳ್ಳುವ ಈ ವ್ಯಾವಹಾರಿಕ ರೀತಿ, ಜನಸಂದಣಿಯಲ್ಲಿ ಬೆರಗಾದ ಕಥೆಗಿಂತ ಹೆಚ್ಚು ನಂಬತಕ್ಕದ್ದೆಂದು ನಮಗೆ ತೋರುತ್ತದೆ.

1862ರಿಂದ 1873ರವರೆಗಿನ ಅವಧಿಯಲ್ಲಿ ಮಾನೆ ಈಕೆಯನ್ನು ಅನೇಕ ಸಲ ಚಿತ್ರಿಸಿದನು. ‘ಬೀದಿಯ ಗಾಯಕಿ’ಯಲ್ಲಿ ಆಕೆ ಗಿಟಾರನ್ನು ಕಂಕುಳಲ್ಲಿಟ್ಟುಕೊಂಡು ಚೆರಿಹಣ್ಣು ತಿನ್ನುತ್ತ ಹೊರಬರುತ್ತಾಳೆ. ಅದೇ ವರ್ಷದ ಇನ್ನೊಂದು ಚಿತ್ರದಲ್ಲಿ ಸ್ಪೇನಿನ ಗೂಳಿಕಾಳಗದ ಕತ್ತಿವೀರನ ವೇಷ ಧರಿಸಿದ್ದಾಳೆ. 1863ರ ‘ಹುಲ್ಲಿನ ಮೇಲಿನ ಊಟ’ದಲ್ಲಿಯೂ, ಅದೇ ವರ್ಷ ಬರೆದು 1865ರ ಸಲೋಂನಲ್ಲಿ ಪ್ರದರ್ಶಿತವಾದ ‘ಒಲಿಂಪಿಯಾ’ದಲ್ಲಿಯೂ ವಿವಸ್ತ್ರಳಾಗಿದ್ದಾಳೆ. 1873ರ ‘ರೈಲುದಾರಿ’ಯಲ್ಲಿ ಮಡಿಲಲ್ಲಿ ನಾಯಿಮರಿಯನ್ನೂ ಪುಸ್ತಕವನ್ನೂ ಇಟ್ಟುಕೊಂಡು, ಬೆನ್ನು ತಿರುಗಿಸಿ ನಿಂತ ಪುಟ್ಟ ಹುಡುಗಿಯ ಪಕ್ಕದಲ್ಲಿ, ಗೃಹಸ್ಥರ ಮನೆಯ ಹೆಂಗಸಿನಂತೆ ಕುಳಿತಿದ್ದಾಳೆ.

ಒಲಿಂಪಿಯಾ ಚಿತ್ರ ಎಬ್ಬಿಸಿದ ಕೋಲಾಹಲ ಪ್ರಸಿದ್ಧವಾದದ್ದು; ಅದನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ. ಅಲ್ಲಿ ಚಿತ್ರಿತಳಾದವಳು ವೇಶ್ಯೆ ಎಂಬುದು ಅಂದಿನ ಪ್ರೇಕ್ಷಕರಿಗೆ ಸ್ಪಷ್ಟವಾಗಿತ್ತು. ಆ ಚಿತ್ರದಲ್ಲಿ ಹೂಗುಚ್ಛವನ್ನು ಪರಿಚಾರಿಕೆ ತಂದು ನೀಡುತ್ತಿದ್ದಾಳೆ; ಕಳಿಸಿದ ಗಂಡಸು ಕಾಣುವುದಿಲ್ಲ. ಮರುವರ್ಷ ಬರೆದ ನಮ್ಮ ಚಿತ್ರದಲ್ಲಿ ಹೂವು ಆಕೆಯ ಕೈಗೇ ಬಂದಿದೆ, ಕಾಣದ ಗಂಡಸಿನ ಗುರುತಾಗಿ ಕನ್ನಡಕವೊಂದುಂಟು, ಕೊರಳಿನ ಕಪ್ಪು ಪಟ್ಟಿಯೂ ಉಳಿದಿದೆ. ಆದುದರಿಂದ ಎರಡನ್ನೂ ಜೊತೆಗೆ ಓದಿದವರು ಒಂದೇ ಹೆಣ್ಣಿನ ಕಥೆಯ ಎರಡು ಅಧ್ಯಾಯಗಳನ್ನು ಕಂಡರೆ ಆಶ್ಚರ್ಯವಿಲ್ಲ. ಆಶ್ಚರ್ಯವಾಗುವುದು ಅವರಿಟ್ಟ ಮುಂದಿನ ಹೆಜ್ಜೆಯನ್ನು ನೋಡಿ. ಚಿತ್ರದೊಳಗಿನ ಹೆಣ್ಣಿನ ಬಾಳು ರೂಪದರ್ಶಿಯ ಬಾಳೆಂದೇ ಅವರು ಭಾವಿಸಿದರು. ಕತ್ತಿವೀರನ ವೇಷದ ಚಿತ್ರವನ್ನು ನೋಡಿ ವಿಕ್ಟೊರಿನ್ ಗೂಳಿಯೊಡನೆ ಕಾದಾಡುತ್ತಿದ್ದಳೆಂದು ಯಾವ ಚರಿತ್ರಕಾರನೂ ಬರೆದಿಲ್ಲ; ಒಲಿಂಪಿಯಾ ಚಿತ್ರವನ್ನು ನೋಡಿ ಆಕೆ ವೇಶ್ಯೆಯಾಗಿದ್ದಳೆಂದು ಬರೆದವರು ಮಾತ್ರ ಹಲವರು. ಒಂದೇ ಚಿತ್ರಶಾಲೆಯಲ್ಲಿ, ಒಬ್ಬನೇ ಚಿತ್ರಕಾರನ ಮುಂದೆ, ಕೂಲಿಗೆ ಧರಿಸಿದ ಎರಡು ವೇಷಗಳಲ್ಲಿ ಒಂದು ವೇಷವೆಂದೂ ಇನ್ನೊಂದು ನಿಜವೆಂದೂ ವಿಂಗಡಿಸಲು ಚಿತ್ರಗಳಲ್ಲಂತೂ ಯಾವ ಆಧಾರವೂ ಇಲ್ಲ.

ಹೀಗೆ ಬೆಳೆದ ಐತಿಹ್ಯದ ಸ್ವರೂಪ ಸ್ಥೂಲವಾಗಿ ಹೀಗಿದೆ: ವಿಕ್ಟೊರಿನ್ ಚಂಚಲಳು, ಮಾನೆ ಕೈಬಿಟ್ಟ ಮೇಲೆ ಕುಡಿತಕ್ಕೆ ಬಿದ್ದಳು, ಹೋಟೆಲುಗಳ ಮುಂದೆ ಗಿಟಾರು ನುಡಿಸಿ ಕಾಸು ಬೇಡಿದಳು, ಅಕಾಲದಲ್ಲಿ, ಅನಾಥಳಾಗಿ ಸತ್ತಳು. ತುಲೂಸ್-ಲೊತ್ರೆಕ್ ಎಂಬ ಚಿತ್ರಕಾರ ಮಿತ್ರರನ್ನು ಕರೆದೊಯ್ದು ಜೀರ್ಣವಾದ ಮನೆಯೊಂದರಲ್ಲಿದ್ದ ಹೆಂಗಸನ್ನು ‘ಇವಳೇ ಒಲಿಂಪಿಯಾ’ ಎಂದು ತೋರಿಸುತ್ತಿದ್ದನೆಂಬ ಪ್ರತೀತಿಯೂ ಇದಕ್ಕೆ ಸೇರಿಕೊಂಡಿತು. ಮಾನೆಯ ಜೀವನಚರಿತ್ರಕಾರರಲ್ಲಿ ಬಹು ಶ್ರಮಶೀಲನಾದ ಅಡಾಲ್ಫ್ ತಬಾರಾಂ ಕೂಡ ಈ ಧಾಟಿಯಿಂದ ತಪ್ಪಿಸಿಕೊಳ್ಳಲಿಲ್ಲ. ಆದರೆ ಈಕೆಯ ವಿಷಯವಾದ ಅತ್ಯಮೂಲ್ಯ ದಾಖಲೆಯೊಂದನ್ನು ಕಾಪಾಡಿಕೊಟ್ಟವನೂ ಅವನೇ ಎಂಬುದನ್ನು ಮರೆಯಲಾಗದು.

ಆ ದಾಖಲೆಯೆಂದರೆ ವಿಕ್ಟೊರಿನ್ 1883ನೆಯ ಜುಲೈ 31ರಂದು ಮಾನೆಯ ವಿಧವೆ ಸುಜಾನಳಿಗೆ ಬರೆದ ಕಾಗದ. ಮಾನೆ ಗತಿಸಿ ಆಗ ಮೂರು ತಿಂಗಳಾಗಿದ್ದಿತು. ಅದರ ಸಾರಾಂಶವಿದು: ತಾನು ಮಾನೆಯ ಅನೇಕ ಚಿತ್ರಗಳಿಗೆ, ಮುಖ್ಯವಾಗಿ ಒಲಿಂಪಿಯಾ ಚಿತ್ರಕ್ಕೆ, ರೂಪದರ್ಶಿಯಾಗಿದ್ದುದು ತಮಗೆ ತಿಳಿದೇ ಇದೆ; ಚಿತ್ರಗಳು ಮಾರಾಟವಾದರೆ ತನಗೂ ಒಂದು ಪಾಲನ್ನು ಕೊಡುವೆನೆಂದು ಮಾನೆ ಹಲವು ಸಲ ಹೇಳಿದ್ದುಂಟು; ಆಗ ತಾನು ಚಿಕ್ಕವಳು, ಚಿಂತೆಯಿಲ್ಲದವಳು, ಅಮೆರಿಕಕ್ಕೆ ಹೊರಟುಹೋದೆ; ಹಿಂದಿರುಗಿದಾಗ, ಗಾಯಕ ಫೋರನಿಗೆ ಹಲವು ಚಿತ್ರಗಳನ್ನು ಮಾರಿದ್ದ ಮಾನೆ ತನಗೆ ಏನನ್ನಾದರೂ ಕೊಡಲು ಮುಂದೆ ಬಂದನು; ತಾನು ಬೇಡವೆಂದೆ, ರೂಪದರ್ಶಿಯಾಗಿ ನಿಲ್ಲಲಾರದ ಕಾಲ ಬಂದಾಗ ಮಾತನ್ನು ನೆನಪಿಸುವೆನೆಂದೆ; ಆ ಕಾಲ ಎಣಿಸಿದುದಕ್ಕಿಂತ ಬೇಗನೆ ಬಂದಿದೆ.

ಈ ಕಾಗದವನ್ನು ಭಿಕ್ಷಾಪತ್ರವೆಂದು ಓದುವುದು ವಾಡಿಕೆಯಾಗಿದೆ. ನಾವು ಅದನ್ನು ಹಾಗೆ ಓದಲಾರೆವು. ಬರೆದವಳು ಕಷ್ಟದಲ್ಲಿದ್ದಳೆಂಬುದು ನಿಶ್ಚಯ. ಆದರೆ ಕಾಗದದ ಕಟ್ಟು ಬೇಡುವವರ ಕಟ್ಟಲ್ಲ. ಮಾಡಿದ ಕೆಲಸ ಯಾವುದು, ಕೊಟ್ಟ ಮಾತು ಯಾವುದು, ಮಾತನ್ನು ಸಲ್ಲಿಸಲು ಬಂದಾಗ ತಾನು ಮುಂದೂಡಿದ್ದೇಕೆ, ಮುಂದೂಡಿದ ಅವಧಿ ಮುಗಿದದ್ದು ಯಾವಾಗ ಎಂದು ಆಕೆ ಕ್ರಮವಾಗಿ ನಿರೂಪಿಸುತ್ತಾಳೆ. ಇದು ಬಾಕಿಯನ್ನು ಕೇಳುವ ಪತ್ರ. ಎರಡು ದಶಕಗಳ ಹಿಂದೆ ನಿಂತ ಕೆಲಸಕ್ಕೆ ಕೂಲಿ ಸಂದಿದ್ದರೂ, ಆ ಕೆಲಸದಿಂದ ಹುಟ್ಟಿದ ವಸ್ತುವಿನ ಬೆಲೆಯಲ್ಲಿ ತನಗೂ ಹಕ್ಕುಂಟೆಂದು ರೂಪದರ್ಶಿಯೊಬ್ಬಳು 1883ರಲ್ಲಿ ಲಿಖಿತವಾಗಿ ಸಾಧಿಸಿದ್ದು ಕಲಾಚರಿತ್ರೆಯಲ್ಲಿ ಅಪರೂಪದ ಸಂಗತಿ.

ಬೆಲೆಯ ಮಾತು ಬಂದುದರಿಂದ ಕೆಲವು ಅಂಕಿಗಳನ್ನು ಕೊಡುವುದು ಯುಕ್ತ. ನಮ್ಮ ತರುಣಿಯ ಚಿತ್ರ 1878ರಲ್ಲಿ, ದಿವಾಳಿಯಾದ ವ್ಯಾಪಾರಿ ಒಶೆದೆಯ ಸಂಗ್ರಹ ಹರಾಜಾದಾಗ, ಕೇವಲ 700 ಫ್ರಾಂಕುಗಳಿಗೆ ಹೋಯಿತು. ವಿಕ್ಟೊರಿನ್ ಕಾಗದ ಬರೆದ ಆರು ತಿಂಗಳ ತರುವಾಯ, 1884ರ ಫೆಬ್ರವರಿಯಲ್ಲಿ, ಮಾನೆಯ ಚಿತ್ರಶಾಲೆಯಲ್ಲಿ ಉಳಿದಿದ್ದ ಕೃತಿಗಳ ಹರಾಜಿನಿಂದ ಒಟ್ಟು 1,16,637 ಫ್ರಾಂಕುಗಳು ಲೆಕ್ಕಕ್ಕೆ ಬಂದವು. ಆಗ ಮಾರಾಟವಾಗದೆ ಮನೆಯವರಲ್ಲಿಯೇ ಉಳಿದ ಒಲಿಂಪಿಯಾ ಚಿತ್ರವನ್ನು ಕ್ಲೋದ್ ಮೊನೆ ಚಂದಾ ಎತ್ತಿ, ಸುಮಾರು 20,000 ಫ್ರಾಂಕುಗಳಿಗೆ ವಿಧವೆಯಿಂದ ಕೊಂಡು, 1890ರಲ್ಲಿ ಫ್ರೆಂಚ್ ಸರ್ಕಾರಕ್ಕೆ ಒಪ್ಪಿಸಿದನು. ಚಿತ್ರ ಪರದೇಶದ ಪಾಲಾಗಬಾರದೆಂಬುದು ಚಂದಾ ಕೊಟ್ಟವರ ಕಳಕಳಿ. ಆ ಕಳಕಳಿ ಮೆಚ್ಚತಕ್ಕದ್ದೇ ಸರಿ. ನಮ್ಮ ತರುಣಿಯ ಚಿತ್ರ ಮಾತ್ರ ಅಷ್ಟರಲ್ಲಿಯೇ ಪರದೇಶಕ್ಕೆ ಹೋಗಿದ್ದಿತು: 1889ರಲ್ಲಿ ಅರ್ವಿನ್ ಡೇವಿಸ್ ಎಂಬ ಧನಿಕ ಅದನ್ನು ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಕಾಣಿಕೆಯಾಗಿ ಕೊಟ್ಟಿದ್ದನು. ಈ ಲೆಕ್ಕಗಳಲ್ಲೆಲ್ಲಿಯೂ ವಿಕ್ಟೊರಿನಳ ಹೆಸರಿನ ಮುಂದೆ ಒಂದು ಫ್ರಾಂಕೂ ಕಾಣುವುದಿಲ್ಲ.

ಇನ್ನು ಐತಿಹ್ಯಕ್ಕೆ ನೇರವಾಗಿ ವಿರೋಧವಾದ ದಾಖಲೆಗಳಿಗೆ ಬರೋಣ. ವಿಕ್ಟೊರಿನ್ ಸ್ವತಃ ಚಿತ್ರಕಾರಳಾಗಿದ್ದಳು. ಪ್ಯಾರಿಸ್ಸಿನ ಸರ್ಕಾರಿ ಲಲಿತಕಲಾ ಶಾಲೆ 1897ರವರೆಗೂ ಸ್ತ್ರೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಕಲಿಯಬಯಸುವ ಹೆಂಗಸು ಖಾಸಗಿ ಗುರುವನ್ನೇ ಆಶ್ರಯಿಸಬೇಕಾಗಿತ್ತು. ಆಕೆ ಎತಿಯೆನ್ ಲರ್ವಾ ಎಂಬ ಚಿತ್ರಕಾರನಲ್ಲಿ ಅಭ್ಯಾಸ ಮಾಡಿದಳು. 1876ರ ಸಲೋಂಗೆ ತನ್ನದೇ ಭಾವಚಿತ್ರವನ್ನು ಕಳಿಸಿದಳು, ತೀರ್ಪುಗಾರರು ಸ್ವೀಕರಿಸಿದರು. ಅದೇ ವರ್ಷ ಅದೇ ಸಲೋಂಗೆ ಮಾನೆ ಕಳಿಸಿದ ಎರಡು ಚಿತ್ರಗಳೂ ತಿರಸ್ಕೃತವಾದವು, ಮತ್ತು ಅವನು ಸಾರ್ವಜನಿಕರನ್ನು ತನ್ನ ಚಿತ್ರಶಾಲೆಗೇ ಆಹ್ವಾನಿಸಿ ಅವನ್ನು ತೋರಿಸಬೇಕಾಯಿತು. 1879ರಲ್ಲಿ ‘ಹದಿನಾರನೆಯ ಶತಮಾನದ ನ್ಯೂರೆಂಬರ್ಗಿನ ಗೃಹಿಣಿ’ ಎಂಬ ಆಕೆಯ ಚಿತ್ರ ಮಾನೆಯ ಚಿತ್ರದೊಡನೆ ಒಂದೇ ಕೊಠಡಿಯಲ್ಲಿ ತೂಗಿದ್ದಿತು. ಒಟ್ಟು ಆರು ಸಲ ಆಕೆಯ ಕೃತಿಗಳು ಸಲೋಂನಲ್ಲಿ ಪ್ರದರ್ಶಿತವಾದುವು. 1903ರಲ್ಲಿ ಫ್ರೆಂಚ್ ಕಲಾಕಾರರ ಸಂಘದ ಸದಸ್ಯತ್ವ ದೊರೆಯಿತು. ಆಗ ಸಲೋಂ ಪ್ರದರ್ಶನವನ್ನು ನಡೆಸುತ್ತಿದ್ದದ್ದು ಈ ಸಂಘವೇ. ಆಕೆಯ ಹೆಸರನ್ನು ಅನುಮೋದಿಸಿದವರಲ್ಲಿ ಟೋನಿ ರೊಬೇರ್-ಫ್ಲರಿಯಂಥ ಪ್ರತಿಷ್ಠಿತನೂ ಇದ್ದನು.

ಆಕೆಯ ಚಿತ್ರಗಳು ಮಾನೆಯ ಮಾರ್ಗದವಲ್ಲ. ಚರಿತ್ರೆಯ ಉಡುಪುಗಳು, ನಯವಾದ ಕೈಕೆಲಸ, ತೀರ್ಪುಗಾರರಿಗೆ ಒಪ್ಪಿಗೆಯಾಗುವ ವಿಷಯಗಳು, ಇವೇ ಆಕೆ ಆರಿಸಿಕೊಂಡ ಹಾದಿ. ಹೊಸ ಚಿತ್ರಕಲೆಯ ಅತ್ಯಂತ ಪ್ರಸಿದ್ಧ ರೂಪದರ್ಶಿ ಹಳೆಯ ಸಂಪ್ರದಾಯವನ್ನು ಹಿಡಿದುದನ್ನು ಕೆಲವರು ಆಕೆಯ ಅರಸಿಕತೆಯೆಂದು ಬಗೆಯಬಹುದು. ಸ್ವಂತ ಆಸ್ತಿಯಿದ್ದ ಮಾನೆಗೆ ತಿರಸ್ಕಾರವನ್ನು ತಾಳಿಕೊಳ್ಳುವ ಶಕ್ತಿಯಿದ್ದಿತು. ಗಿಟಾರಿನ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದವಳಿಗೆ ಸಲೋಂನ ಗೋಡೆಯ ಹೊರತು ಕೊಳ್ಳುವವರ ಕಣ್ಣಿಗೆ ಬೀಳುವ ಬೇರೆ ದಾರಿಯಿದ್ದಿತೇ ಎಂಬುದನ್ನು ಆ ವಾದದವರು ಯೋಚಿಸಬೇಕು.

ಅಕಾಲಮರಣದ ಮಾತಂತೂ ಪೂರ್ತಿ ನಿರಾಧಾರ. 1906ರ ಹೊತ್ತಿಗೆ ಆಕೆ ಪ್ಯಾರಿಸ್ಸಿನ ಹೊರವಲಯದ ಕೊಲೊಂಬ್ ಎಂಬ ಊರಿನಲ್ಲಿ ಗೆಳತಿಯೊಬ್ಬಳೊಡನೆ ಮನೆ ಮಾಡಿದ್ದಳು. ಕೊನೆಯವರೆಗೂ ಇಬ್ಬರೂ ಅಲ್ಲಿಯೇ ಬಾಳಿದರು. 1927ನೆಯ ಮಾರ್ಚ್ 17ರಂದು, 83ನೆಯ ವಯಸ್ಸಿನಲ್ಲಿ, ವಿಕ್ಟೊರಿನ್ ನಿಧನಳಾದಳು. ಎಂಬತ್ತು ದಾಟಿದ ಮೇಲೆಯೂ ಜನಗಣತಿಯ ಕಾಗದದಲ್ಲಿ ತನ್ನ ವೃತ್ತಿಯನ್ನು ‘ಕಲಾವಿದೆ’ ಎಂದೇ ಬರೆಯಿಸಿದ್ದಾಳೆ. ಶಾಸನವೂ ಐತಿಹ್ಯವೂ ಪರಸ್ಪರ ವಿರೋಧವಾದಲ್ಲಿ ಶಾಸನವನ್ನೇ ಪ್ರಮಾಣವೆಂದು ಹಿಡಿಯುವುದು ಚರಿತ್ರೆಯ ವಿದ್ಯಾರ್ಥಿಗಳಾದ ನಮ್ಮೆಲ್ಲರಿಗೂ ಅಭ್ಯಾಸವಾದ ಕ್ರಮ. ಜನಗಣತಿಯ ಒಂದು ಸಾಲಿಗೂ ಅದೇ ಗೌರವ ಸಲ್ಲಬೇಕು.

ಹಾಗಾದರೆ ಸಲೋಂನ ಅಚ್ಚಾದ ಪಟ್ಟಿಗಳು ಎಲ್ಲರ ಕೈಗೂ ಎಟಕುವಂತಿದ್ದರೂ ಐತಿಹ್ಯ ಇಷ್ಟು ಕಾಲ ಬಾಳಿದ್ದು ಹೇಗೆ? ಹುಡುಕಿದವರು ಮಾನೆಯನ್ನು ಹುಡುಕುತ್ತಿದ್ದರು, ವಿಕ್ಟೊರಿನಳನ್ನಲ್ಲ ಎಂಬುದೇ ನಮ್ಮ ಸಮಾಧಾನ. ಮಾನೆಯ ಬಾಳಿನಿಂದ ಹೊರಟುಹೋದವಳು ಅವರ ಪುಟದಿಂದಲೂ ಹೊರಟುಹೋದಳು. ಪುಟ ತುಂಬಲು ಬೇಕಾದ ಅಂತ್ಯವನ್ನು ಒಲಿಂಪಿಯಾ ಚಿತ್ರವೇ ಒದಗಿಸಿತು. 1986ರಲ್ಲಿ ಮಾರ್ಗರೆಟ್ ಸೀಬರ್ಟರು ಅಮೆರಿಕದಲ್ಲಿ ಸಲ್ಲಿಸಿದ ಮಹಾಪ್ರಬಂಧವೂ 1992ರಲ್ಲಿ ಪ್ರಕಟವಾದ ಯೂನಿಸ್ ಲಿಪ್ಟನ್ನರ ಗ್ರಂಥವೂ ಆಕೆಯನ್ನೇ ವಿಷಯವಾಗಿ ಇಟ್ಟುಕೊಂಡು ದಫ್ತರಗಳನ್ನು ತೆರೆದವು. ಅನಂತರವೇ ಮೇಲಿನ ಸಂಗತಿಗಳು ವಿದ್ವಾಂಸರ ಸಾಮಾನ್ಯ ತಿಳಿವಳಿಕೆಯಾದುವು.

ಗೆಳತಿಯೂ 1930ರಲ್ಲಿ ತೀರಿಕೊಂಡ ಮೇಲೆ ಮನೆಯ ಸಾಮಾನು ವಿಲೇವಾರಿಯಾಯಿತು. ಉಳಿದುದನ್ನು ರಾಶಿ ಹಾಕಿ ಸುಟ್ಟರೆಂದೂ, ಆ ಬೆಂಕಿಯಲ್ಲಿ ಪಿಟೀಲೊಂದು ಅದರ ಪೆಟ್ಟಿಗೆಯೊಡನೆ ಉರಿಯಿತೆಂದೂ ನೆರೆಯ ವೃದ್ಧರು ಬಹು ವರ್ಷಗಳ ಬಳಿಕ ನೆನೆದಿದ್ದಾರೆ. ಆಕೆಯ ಕುಂಚದ ಕೆಲಸದಲ್ಲಿ ಇಂದು ನೋಡಸಿಕ್ಕುವುದು ಬಹು ಸ್ವಲ್ಪ. 1876ರ ಸುಮಾರಿನ ಆತ್ಮಭಾವಚಿತ್ರವೊಂದನ್ನು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ 2021ರಲ್ಲಿ ಪಡೆದುಕೊಂಡಿತು. ಅದಕ್ಕೆ ಮೊದಲೇ, 2004ರಲ್ಲಿ, ‘ಗರಿಗಳ ಭಾನುವಾರ’ ಎಂಬ ಚಿತ್ರ ಬೆಳಕಿಗೆ ಬಂದಿದ್ದಿತು. ಈಸ್ಟರ್ ಹಬ್ಬದ ಹಿಂದಿನ ಭಾನುವಾರ ಕ್ರೈಸ್ತರು ಇಗರ್ಜಿಗೆ ಹಸಿರು ಗರಿಯನ್ನೊಯ್ಯುವ ಆಚರಣೆಯೇ ಅದರ ವಸ್ತು. ಅಲ್ಲಿಯೂ ಒಬ್ಬ ತರುಣಿ, ಅಲ್ಲಿಯೂ ಕೈಯಲ್ಲೊಂದು ಗರಿ. ಆದರೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ತನ್ನ ಪಾಡಿಗೆ ತಾನಿದ್ದಾಳೆ, ನೋಡುವವರ ಕಡೆಗೆ ಗಮನವಿಲ್ಲ. ಆ ಚಿತ್ರ ಕೊಲೊಂಬ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ.